ನಿಮ್ಮ ಹೀರೋಗೆ ಅಪ್ಪ ಅಮ್ಮ ಇಲ್ವಾ?

ಬೆಂಗಳೂರಲ್ಲಿ ಪ್ರತಿ ಶನಿವಾರ ಸಂಜೆ ಎಷ್ಟು ಅಪ್ಪ ಅಮ್ಮಂದಿರು ಸಾಯ್ತಾರೆ ಅನ್ನೋದರ ಲೆಕ್ಕ ಯಾರೂ ಇಟ್ಟಿಲ್ಲ. ಎಚ್‌ಎಸ್‌ಆರ್ ಲೇಔಟಿನ ಬೋರ್ಡ್‌ಗೇಮ್ ಕೆಫೆಗಳಲ್ಲಿ, ಬೆಳ್ಳಂದೂರಿನ ಫ್ಲಾಟುಗಳ ಡೈನಿಂಗ್ ಟೇಬಲ್ಲಿನ ಮೇಲೆ, ಪೆನ್ಸಿಲ್ಲಿನ ಒಂದೇ ಗೀಟಿಗೆ ಇಡೀ ವಂಶ ನಿರ್ವಂಶ ಆಗ್ತಿರುತ್ತೆ. ಹೆಸರು: ಕೇಲ್. ಕಸುಬು: ಕಳ್ಳ. ಹಿನ್ನೆಲೆ: ಅನಾಥ, ಹುಟ್ಟಿದೂರನ್ನು ಡ್ರ್ಯಾಗನ್ ಸುಟ್ಟುಹಾಕಿತು. ಹೀಗೆ ಬರೆದವನ ಅಮ್ಮ ಹಾಸನದಲ್ಲೋ ಹಾವೇರಿಯಲ್ಲೋ ಚೆನ್ನಾಗೇ ಇರ್ತಾಳೆ. ಮಗ ಶನಿವಾರವೂ ಆಫೀಸಲ್ಲಿದ್ದಾನೆ ಅಂದುಕೊಂಡು ಪಕ್ಕದ ಮನೆಯವರ ಹತ್ತಿರ ಮರುಗ್ತಿರ್ತಾಳೆ.

ಗೊತ್ತಿಲ್ಲದವರಿಗೆ ನಾಲ್ಕು ಸಾಲು. ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ನಾಲ್ಕೈದು ಜನ ಟೇಬಲ್ ಸುತ್ತ ಕೂತು ಕಟ್ಟುವ ಕಥೆ. ಒಬ್ಬ ಗೇಮ್ ಮಾಸ್ಟರ್, ಲೋಕವೆಲ್ಲ ಅವನದು. ಮಿಕ್ಕವರಿಗೆ ತಲೆಗೊಂದು ಪಾತ್ರ. ನನ್ನ ಪಾತ್ರ ಗೋಡೆ ಹಾರುತ್ತೆ ಅಂತ ಆಟಗಾರ ಹೇಳ್ತಾನೆ, ಹಾರಿತೋ ಬಿತ್ತೋ ಅನ್ನೋದನ್ನು ಇಪ್ಪತ್ತು ಮುಖದ ದಾಳ ಹೇಳುತ್ತೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಆಟಗಳ ಮೂಲಪುರುಷ. ಆಡೋ ಮೊದಲು ಎಲ್ಲರೂ ಒಂದು ಕ್ಯಾರೆಕ್ಟರ್ ಶೀಟ್ ತುಂಬಬೇಕು. ಬಲ ಎಷ್ಟು, ಬುದ್ಧಿ ಎಷ್ಟು, ಆಯುಧ ಯಾವುದು, ಹಿನ್ನೆಲೆ ಏನು. ನನ್ನ ತಕರಾರಿರೋದು ಆ ಕೊನೆಯ ಖಾನೆಯ ಬಗ್ಗೆ.

ನಾನು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯವನು. ನಮ್ಮೂರಿಗೆ ಮನುಷ್ಯರ ಹಾಗೆ ಇನಿಶಿಯಲ್ ಇದೆ. ವೈ.ಎನ್. ಅಂದರೆ ಯಲ್ಲಪ್ಪನಾಯಕನ. ಬಸ್ ಬೋರ್ಡಿನಲ್ಲೂ ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಊರು ತನ್ನ ಯಜಮಾನನ ಹೆಸರು ಹೊತ್ತುಕೊಂಡೇ ತಿರುಗುತ್ತೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದು ವರ್ಷಗಳಾದವು. ವಾರದಲ್ಲಿ ಐದು ದಿನ ಕೋಡ್ ಬರೀತೀನಿ, ಶನಿವಾರ ಗೇಮ್ ಮಾಸ್ಟರ್ ಆಗ್ತೀನಿ. ಈ ಆಟಗಳ ಮೇಲೆ ನನಗೆ ದ್ವೇಷವಿಲ್ಲ, ಪ್ರೀತಿ ಇರೋದಕ್ಕೇ ಈ ಜಗಳ.

ನನ್ನ ವಾದ ಇಷ್ಟೇ. ಅಪ್ಪ ಅಮ್ಮ ಇಲ್ಲದ ಪಾತ್ರಕ್ಕೆ ಸ್ವಾತಂತ್ರ್ಯ ಜಾಸ್ತಿ ಅಂತ ನೀವು ಅಂದುಕೊಂಡಿದ್ದೀರಲ್ಲ, ಅದು ಸುಳ್ಳು. ಅವನು ಯಾರಿಗೂ ಉತ್ತರ ಹೇಳಬೇಕಿಲ್ಲ, ಆದ್ದರಿಂದ ಅವನು ಏನು ಮಾಡಿದರೂ ಅದಕ್ಕೆ ತೂಕವಿಲ್ಲ. ಕದ್ದರೆ ಯಾರ ಮುಖ ನೋಡೋಕಾಗಲ್ಲ? ಗೆದ್ದರೆ ಯಾರಿಗೆ ಫೋನ್ ಮಾಡ್ತಾನೆ? ಸತ್ತರೆ ಸುದ್ದಿ ಯಾವ ಮನೆ ಬಾಗಿಲಿಗೆ ಹೋಗುತ್ತೆ? ಯಾವುದಕ್ಕೂ ಉತ್ತರ ಇಲ್ಲ ಅಂದಮೇಲೆ ನೀವು ಆಡ್ತಿರೋದು ಕತ್ತಿ ಹಿಡಿದ ಒಂದು ಎಕ್ಸೆಲ್ ಶೀಟನ್ನ.

ಈ ಅನಾಥ ಚಾಳಿ ನಮ್ಮದೂ ಅಲ್ಲ. ಸೂಪರ್‌ಮ್ಯಾನ್ (1938) ಹುಟ್ಟಿದ ಗ್ರಹವೇ ಸಿಡಿದುಹೋಯ್ತು. ಬ್ಯಾಟ್‌ಮ್ಯಾನ್‌ನ (1939) ಅಪ್ಪ ಅಮ್ಮನ್ನ ಗಲ್ಲಿಯಲ್ಲಿ ಗುಂಡು ಹೊಡೆದು ಕೊಂದರು. ಫ್ರೋಡೋನ ಅಪ್ಪ ಅಮ್ಮ ದೋಣಿ ಮುಳುಗಿ ಸತ್ತರು. ಹ್ಯಾರಿ ಪಾಟರ್ (1997) ಕಥೆ ಎಲ್ಲರಿಗೂ ಗೊತ್ತು. ಅಲ್ಲಿನ ಲೇಖಕರಿಗೆ ಇದರಲ್ಲೊಂದು ಅನುಕೂಲ ಇತ್ತು. ಮನೆಯಲ್ಲಿ ಅಮ್ಮ ಇರೋ ಹುಡುಗನ್ನ ಸಂಜೆ ಆರಕ್ಕೆ ಊಟಕ್ಕೆ ಕರೀತಾರೆ, ಆಮೇಲೆ ಅವನು ಡ್ರ್ಯಾಗನ್ ಗುಹೆಗೆ ಹೋಗೋದು ಹೇಗೆ? ಅಪ್ಪ ಅಮ್ಮನ್ನ ಮೊದಲ ಪುಟದಲ್ಲೇ ಸಾಗಹಾಕಿದರೆ ದಾರಿ ಖಾಲಿ.

ನಮ್ಮ ಕಥೆಗಳಲ್ಲಿ ದಾರಿ ಶುರುವಾಗೋದೇ ಅಪ್ಪ ಅಮ್ಮ ಇರೋದರಿಂದ. ರಾಮ ಕಾಡಿಗೆ ಹೋಗಿದ್ದು ಅಪ್ಪ ಕೊಟ್ಟ ಮಾತಿಗೆ. ಭೀಷ್ಮ ಮದುವೆಯಾಗದೆ ಉಳಿದಿದ್ದು ಅಪ್ಪನಿಗೆ ಮದುವೆ ಆಗಲಿ ಅಂತ. ಶ್ರವಣಕುಮಾರನ ಅಡ್ಡೆಯಲ್ಲಿ ಆ ಕಡೆ ಅಪ್ಪ, ಈ ಕಡೆ ಅಮ್ಮ. ಅಷ್ಟು ದೂರ ಯಾಕೆ, ‘ಜೋಗಿ’ (2005) ತಗೊಳ್ಳಿ. ಬೆಂಗಳೂರಿಗೆ ಬಂದ ಮಗ, ಅವನನ್ನು ಹುಡುಕಿಕೊಂಡು ಬಂದ ಅಮ್ಮ. ಆ ಅಮ್ಮನ್ನ ತೆಗೆದುಹಾಕಿದರೆ ಉಳಿಯೋದು ಇನ್ನೊಂದು ಲಾಂಗ್ ಸಿನಿಮಾ. ‘ಕೆಜಿಎಫ್’ (2018) ರಾಕಿ ಅನಾಥನೇ ಸ್ವಾಮಿ, ಒಪ್ಕೋತೀನಿ. ಆದರೆ ಅವನ ಒಂದೊಂದು ಹೆಜ್ಜೆಯೂ ಸತ್ತ ಅಮ್ಮನಿಗೆ ಕೊಟ್ಟ ಮಾತಿನ ಮೇಲೆ ನಿಂತಿದೆ. ನಮ್ಮ ಕಡೆ ಅನಾಥನಿಗೂ ಒಬ್ಬ ಅಮ್ಮ ಬೇಕೇ ಬೇಕು.

ಇನ್ನು ನಮ್ಮನ್ನೇ ನೋಡ್ಕೊಳ್ಳಿ. ಈ ಊರಿಗೆ ಬಸ್ ಹತ್ತಿದವರಲ್ಲಿ ಮನೆಯಲ್ಲಿ ಯಾರೂ ಇಲ್ಲ ಅಂತ ಬಂದವರು ಎಷ್ಟು ಜನ? ಬಂದಿದ್ದು ಅಪ್ಪನ ಸಾಲಕ್ಕೆ, ಅಕ್ಕನ ಮದುವೆಗೆ, ತಮ್ಮನ ಫೀಸಿಗೆ, ಬತ್ತಿಹೋದ ಬೋರ್‌ವೆಲ್ಲಿಗೆ. ನಮ್ಮ ಬದುಕಿನ ಒಟ್ಟು ಸಾಹಸಯಾತ್ರೆಗೆ ಅಪ್ಪ ಅಮ್ಮನೇ ಕಾರಣ. ಅದೇ ಜನ ಶನಿವಾರ ಶೀಟ್ ತುಂಬುವಾಗ ‘ಅನಾಥ’ ಅಂತ ಬರೀತೀವಿ ಅಂದರೆ ಅದು ಯಾವ ಸೀಮೆ ಕಲ್ಪನೆ?

ನಮ್ಮ ತುಮಕೂರು ಜಿಲ್ಲೆಗೆ ಪಾತ್ರ ಮಾಡೋದು ಹೊಸದೇನಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದವರು. ಅದಕ್ಕೂ ಹಿಂದಿನಿಂದ ನಮ್ಮ ಕಡೆ ಮೂಡಲಪಾಯ ಬಯಲಾಟ ಇದೆ. ಅದರಲ್ಲಿ ಒಂದು ಪದ್ಧತಿ ಇದೆ, ಯಾವ ಗೇಮ್ ಮಾಸ್ಟರೂ ಕಲಿಯಬೇಕಾದ್ದು. ಪಾತ್ರಧಾರಿ ಕುಣಿದುಕೊಂಡು ರಂಗಕ್ಕೆ ಬಂದ ತಕ್ಷಣ ಯುದ್ಧ ಶುರುವಾಗಲ್ಲ. ಸಾರಥಿಯೋ ಭಾಗವತನೋ ಅವನನ್ನು ಅಡ್ಡಗಟ್ಟಿ ಮಾತಾಡಿಸ್ತಾನೆ. ಬಂದವರು ಯಾರು, ಹೆಸರೇನು, ಯಾವ ಪಟ್ಟಣ, ಯಾರ ಮಗ, ಬಂದ ಕಾರಣವೇನು? ಎಂಥ ಶೂರನಾದರೂ ಗದೆ ಕೆಳಗಿಟ್ಟು ಇದಕ್ಕೆಲ್ಲ ಉತ್ತರ ಹೇಳಿಯೇ ಮುಂದಕ್ಕೆ ಹೋಗಬೇಕು. ಅಂದರೆ ಕ್ಯಾರೆಕ್ಟರ್ ಶೀಟನ್ನ ನಮ್ಮವರು ಇಡೀ ಊರಿನ ಮುಂದೆ, ಜೋರಾಗಿ, ಹಾಡಿ ಕುಣಿದು ತುಂಬ್ತಿದ್ದರು.

ಈಗಲೂ ನಮ್ಮ ಕಡೆ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಆಡ್ತಾರೆ. ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಕಲಿಸ್ತಾರೆ. ಪಾತ್ರ ಮಾಡೋರೇ ಕೈಯಿಂದ ದುಡ್ಡು ಹಾಕ್ತಾರೆ, ಪಾತ್ರಕ್ಕೆ ತಕ್ಕ ಹಾಗೆ ರೇಟು. ಟ್ರ್ಯಾಕ್ಟರ್ ಓಡಿಸೋರು, ಅಂಗಡಿ ಇಟ್ಟೋರು, ಕಡ್ಲೆಕಾಯಿ ಬೆಳೆಯೋರು ಒಂದು ರಾತ್ರಿಗೆ ದುರ್ಯೋಧನ, ಕೃಷ್ಣ, ಭೀಮ ಆಗ್ತಾರೆ. ಇವರಲ್ಲಿ ಕರ್ಣನ ಪಾತ್ರ ಹಿಡಿದವನು ದುಡ್ಡು ಕೊಡೋದು ಯಾವುದಕ್ಕೆ ಗೊತ್ತಾ? ಬಿಲ್ಲು ಬಾಣಕ್ಕಲ್ಲ, ಅದನ್ನ ಅರ್ಜುನನೂ ಹಿಡೀತಾನೆ. ಕುಂತಿ ಸೀನಿಗೆ. ಹೆತ್ತ ತಾಯಿ ಎದುರು ನಿಂತು ನಾನು ಬರಲ್ಲಮ್ಮ ಅನ್ನೋ ಹತ್ತು ನಿಮಿಷಕ್ಕೆ. ಜನ ನಿದ್ದೆಗಣ್ಣಲ್ಲೂ ಎದ್ದು ಕೂರೋದು ಅದಕ್ಕೆ.

ಕರ್ಣನ ಕಥೆ ಗೊತ್ತಿಲ್ಲದ ಕನ್ನಡಿಗ ಇಲ್ಲ. ಆದರೂ ಅದನ್ನ ಒಂದು ಸಲ ಗೇಮ್ ಮಾಸ್ಟರ್ ಕಣ್ಣಿಂದ ನೋಡಿ. ಹಸ್ತಿನಾಪುರದಲ್ಲಿ ರಾಜಕುಮಾರರ ವಿದ್ಯಾಪ್ರದರ್ಶನ. ಕರ್ಣ ಬಂದು ಅರ್ಜುನನಿಗೆ ಸವಾಲು ಹಾಕ್ತಾನೆ. ಕೃಪಾಚಾರ್ಯರು ಕುಲ ಕೇಳ್ತಾರೆ. ಕರ್ಣ ತಲೆ ತಗ್ಗಿಸ್ತಾನೆ. ದುರ್ಯೋಧನ ಅಲ್ಲೇ ಅಂಗರಾಜ್ಯದ ಪಟ್ಟ ಕಟ್ತಾನೆ. ನಮ್ಮ ಟೇಬಲ್ಲಿನಲ್ಲಾದರೆ ಇಲ್ಲಿಗೆ ಸೀನ್ ಮುಗೀತು, ಎಲ್ಲರೂ ಚಪ್ಪಾಳೆ ಹೊಡೆದು ಬರ್ಗರ್ ಆರ್ಡರ್ ಮಾಡ್ತೀವಿ. ವ್ಯಾಸರು ಅಲ್ಲಿಗೆ ನಿಲ್ಲಿಸಲ್ಲ. ಅದೇ ಹೊತ್ತಿಗೆ ಗುಂಪಿನೊಳಗಿಂದ ಒಬ್ಬ ಮುದುಕನನ್ನು ಒಳಗೆ ಬಿಡ್ತಾರೆ. ಬೆವರಿದ್ದಾನೆ, ನಡುಗ್ತಿದ್ದಾನೆ, ಹೊದ್ದ ಬಟ್ಟೆ ಜಾರಿದೆ, ಕೈಯಲ್ಲಿ ಊರುಗೋಲು. ಅವನೇ ಅಧಿರಥ, ಕರ್ಣನನ್ನು ಸಾಕಿದ ಅಪ್ಪ, ಸೂತ. ಮಗನಿಗೆ ಏನೋ ಆಗ್ತಿದೆ ಅಂತ ಓಡಿಬಂದಿದ್ದಾನೆ. ಈಗ ಇಡೀ ಸಭೆ ನೋಡ್ತಿದೆ. ಕರ್ಣ ಏನು ಮಾಡಬೇಕು?

ಅಭಿಷೇಕದ ನೀರು ಇನ್ನೂ ಒಣಗದ ತಲೆಯನ್ನು ಅವನು ಆ ಮುದುಕನ ಕಾಲಿಗೆ ಇಡ್ತಾನೆ. ಭೀಮ ಅಲ್ಲೇ ಆಡಿಕೊಳ್ತಾನೆ, ಹೋಗಿ ಚಾವಟಿ ಹಿಡಿ ಅಂತ. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತು ಬಿದ್ದರೂ ಇಂಥ ಒಂದು ಕ್ಷಣ ಹುಟ್ಟಲ್ಲ. ಅದಕ್ಕೆ ಬೇಕಾಗಿದ್ದು ಒಬ್ಬ ಅಪ್ಪ, ಬರಬಾರದ ಹೊತ್ತಲ್ಲಿ ಬಂದ ಅಪ್ಪ.

ಆಮೇಲೆ ಯುದ್ಧಕ್ಕೆ ಮುಂಚೆ ಕೃಷ್ಣ ಬಂದು ನೀನು ಕುಂತಿಯ ಹಿರಿಮಗ, ಪಾಂಡವರ ಕಡೆ ಬಂದರೆ ರಾಜ್ಯ ನಿನ್ನದೇ ಅಂತಾನೆ. ಆಗ ಕರ್ಣ ಕೊಡುವ ಉತ್ತರ ನೋಡಿ. ತನ್ನನ್ನು ಕಂಡು ರಾಧೆಗೆ ಎದೆಹಾಲು ಉಕ್ಕಿದ್ದು, ತನ್ನ ಮಲಮೂತ್ರ ಬಳಿದದ್ದು, ಅಧಿರಥ ತನಗೆ ಎಲ್ಲ ಸಂಸ್ಕಾರ ಮಾಡಿ ಮದುವೆ ಮಾಡಿಸಿದ್ದು, ಇವನ್ನ ಎಣಿಸಿ ಹೇಳ್ತಾನೆ. ಸೂರ್ಯನ ಮಗ ಅನ್ನೋದನ್ನ ಅವನು ಒಪ್ಕೋತಾನೆ, ಆದರೆ ಅದರ ಮೇಲೆ ನಿಲ್ಲಲ್ಲ. ನಿಮ್ಮ ಶೀಟಿನ ಹಿನ್ನೆಲೆ ಖಾನೆ ಈ ಮಟ್ಟಕ್ಕೆ ಇದ್ದರೆ ನಾನು ಬಾಯಿ ಮುಚ್ಚಿಕೊಂಡು ದಾಳ ಉರುಳಿಸ್ತೀನಿ.

ಈಗ ಎದುರು ವಾದಗಳಿಗೆ ಬರೋಣ. ಎಲ್ಲಕ್ಕಿಂತ ಗಟ್ಟಿ ವಾದ ಮೊದಲು.

ನಮ್ಮ ಟೇಬಲ್ಲಿನಲ್ಲಿ ಆಡುವ ಒಬ್ಬ ಗೆಳತಿ ನೇರವಾಗೇ ಹೇಳಿದಳು. ‘ಈ ದೇಶದಲ್ಲಿ ಹಿನ್ನೆಲೆ ಕೇಳೋದು ಅಂದರೆ ಜಾತಿ ಕೇಳೋದು ಕಣ್ರೀ. ಹೊರಗೆ ದಿನಾ ಅಪ್ಪನ ಹೆಸರು ಹೊತ್ತುಕೊಂಡು ತಿರುಗ್ತೀನಿ. ಮೂರು ಗಂಟೆ ಯಾರ ಮಗಳೂ ಅಲ್ಲದೆ ಇರೋಕೆ ಬಿಡಿ.’ ಇದನ್ನ ನಕ್ಕು ತಳ್ಳಿಹಾಕುವ ಹಾಗಿಲ್ಲ. ಊರ ಕಡೆ ಬಸ್ಸಲ್ಲಿ ಪಕ್ಕದಲ್ಲಿ ಕೂತವರು ಯಾರ ಪೈಕಿ, ಯಾವ ಜನ ಅಂತ ಕೇಳ್ತಾರೆ. ಬೆಂಗಳೂರಲ್ಲಿ ಅದೇ ಪ್ರಶ್ನೆಗೆ ಫಾರ್ಮಲ್ ಶರ್ಟ್ ಹಾಕಿರ್ತಾರೆ ಅಷ್ಟೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯರು ಊಟದ ಟೇಬಲ್ಲಿನಲ್ಲಿ ಕೇಳಿದ್ದರು: ‘ಊರಲ್ಲಿ ನಿಮ್ಮ ಮನೆ ಎಲ್ಲಿ ಬರುತ್ತೆ? ದೇವಸ್ಥಾನದ ಹತ್ತಿರಾನಾ, ಆಚೆ ಕಡೇನಾ?’ ಅವರಿಗೆ ಬೇಕಿದ್ದದ್ದು ವಿಳಾಸ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಬಸ್ ಸ್ಟ್ಯಾಂಡ್ ಹತ್ತಿರ ಅಂದೆ.

ಆದ್ದರಿಂದ ಗೆಳತಿಯ ಸಿಟ್ಟು ನ್ಯಾಯವಾದದ್ದೇ. ಆದರೆ ಅನಾಥ ಪಾತ್ರ ಆ ಸಿಟ್ಟಿಗೆ ಔಷಧಿ ಅಲ್ಲ. ಯಾಕೆ ಅಂದರೆ ಅನಾಥನ ಕಥೆ ಸಾಮಾನ್ಯವಾಗಿ ಎಲ್ಲಿಗೆ ಹೋಗಿ ಮುಟ್ಟುತ್ತೆ ನೋಡಿ. ಹತ್ತನೇ ಸೆಷನ್‌ಗೆ ಸರಿಯಾಗಿ ಹುಡುಗನ ಹೆಗಲ ಮೇಲೆ ಒಂದು ಮಚ್ಚೆ ಸಿಗುತ್ತೆ, ಇಲ್ಲ ಕುತ್ತಿಗೆಯ ತಾಯತದಲ್ಲಿ ರಾಜಮುದ್ರೆ ಸಿಗುತ್ತೆ. ಅವನು ಕಳೆದುಹೋದ ರಾಜಕುಮಾರ! ಅಲ್ಲಿಯವರೆಗೆ ಅವನು ತೋರಿಸಿದ ಧೈರ್ಯ, ಬುದ್ಧಿ ಎಲ್ಲ ರಾಜರಕ್ತದ್ದು ಅಂತ ತಿಳಿಯುತ್ತೆ. ಮುಂಬಾಗಿಲಲ್ಲಿ ಆಚೆ ಕಳಿಸಿದ ಕುಲ ಹಿತ್ತಲ ಬಾಗಿಲಿಂದ ಪೇಟ ಸುತ್ತಿಕೊಂಡು ಒಳಗೆ ಬಂತು. ಕರ್ಣನಿಗೆ ಇದೇ ಆಫರ್ ಬಂದಾಗ ಅವನು ಬೇಡ ಅಂದ. ಬೇಡ ಅನ್ನೋಕೆ ಆಗಿದ್ದು ಅವನಿಗೆ ರಾಧೆ, ಅಧಿರಥ ಇದ್ದಿದ್ದರಿಂದ.

ಕುಲ ಬೇರೆ, ಅಪ್ಪ ಬೇರೆ. ಕುಲ ಕೇಳುವವರಿಗೆ ಅಪ್ಪನ ಬಗ್ಗೆ ಏನೂ ತಿಳಿಯಬೇಕಿರಲ್ಲ. ಆ ಅಪ್ಪ ಎಡಗೈಯಲ್ಲಿ ಬೀಡಿ ಹಚ್ಚುತ್ತಿದ್ದರಾ, ಲೆಕ್ಕದಲ್ಲಿ ಚುರುಕಾ, ಮಳೆ ಬಾರದ ವರ್ಷ ರಾತ್ರಿ ಎಷ್ಟು ಸಲ ಎದ್ದು ಅಂಗಳಕ್ಕೆ ಹೋಗ್ತಿದ್ದರು, ಇದರಲ್ಲಿ ಒಂದನ್ನೂ ಅವರು ಕೇಳಲ್ಲ. ಒಂದು ಪದ ಸಿಕ್ಕಿದ ಕೂಡಲೇ ಮನುಷ್ಯನನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಹಾಕ್ತಾರೆ. ನಾನು ಹೇಳ್ತಿರೋದು ಆ ಮುಚ್ಚಳ ತೆಗೆಯೋ ಕೆಲಸ. ಯಾವ ಜನ ಅಂತ ನಮ್ಮ ಟೇಬಲ್ಲಿನಲ್ಲಿ ಯಾರೂ ಕೇಳೋ ಹಾಗಿಲ್ಲ. ನಿಮ್ಮ ಅಮ್ಮ ಸಿಟ್ಟು ಬಂದಾಗ ಏನು ಮಾಡ್ತಿದ್ದರು ಅಂತ ಕೇಳಬಹುದು.

ಏಕಲವ್ಯನ್ನ ನೋಡಿ. ಕಾಡಲ್ಲಿ ಒಬ್ಬನೇ ಬೆಳೆದ ಹುಡುಗ ಅನ್ನೋ ಹಾಗೆ ನಾವು ಆ ಕಥೆ ಹೇಳ್ತೀವಿ. ಮಹಾಭಾರತದಲ್ಲಿ ಅವನಿಗೆ ಅಪ್ಪ ಇದ್ದಾನೆ. ನಿಷಾದರ ರಾಜ ಹಿರಣ್ಯಧನು. ಆ ಹೆಸರು ನಮ್ಮ ಬಾಯಲ್ಲಿ ಉಳಿದಿಲ್ಲ. ಅಪ್ಪನನ್ನು ಕಥೆಯಿಂದ ತೆಗೆದ ಮೇಲೆ ಹೆಬ್ಬೆರಳು ಕೊಟ್ಟಿದ್ದು ಗುರುಭಕ್ತಿಯ ಪಾಠ ಆಗಿ ಮುಗಿದುಹೋಗುತ್ತೆ. ಅಪ್ಪ ಇದ್ದಿದ್ದರೆ ಸಂಜೆ ಮನೆಗೆ ಬಂದ ಮಗನ ಬಲಗೈಯನ್ನು ಒಬ್ಬರು ನೋಡಬೇಕಾಗುತ್ತಿತ್ತು. ಯಾರು ಕತ್ತರಿಸಿದ್ದು ಅಂತ ಕೇಳಬೇಕಾಗುತ್ತಿತ್ತು. ಆ ಪ್ರಶ್ನೆ ಬೇಡವಾದವರಿಗೆ ಏಕಲವ್ಯ ಅನಾಥನಾಗಿರೋದೇ ಅನುಕೂಲ. ಯಾರನ್ನಾದರೂ ಅನಾಥ ಮಾಡೋದು ಅಂದರೆ ಅವರ ಪರವಾಗಿ ಜಗಳ ಆಡೋರನ್ನ ಇಲ್ಲದ ಹಾಗೆ ಮಾಡೋದು. ಇದು ಆಟದ ಮಾತು ಮಾತ್ರ ಅಲ್ಲ.

ಎರಡನೇ ವಾದ: ‘ಅಪ್ಪ ಅಮ್ಮನ್ನ ಬರೆದರೆ ಗೇಮ್ ಮಾಸ್ಟರ್ ಅವರನ್ನ ಕಿಡ್ನ್ಯಾಪ್ ಮಾಡಿಸ್ತಾನೆ ಗುರೂ, ಅದಕ್ಕೇ ಮುಂಚೇನೇ ಸಾಯಿಸಿಬಿಡ್ತೀನಿ.’ ಇದು ಆಟಗಾರರ ತಪ್ಪಲ್ಲ, ಕೆಟ್ಟ ಗೇಮ್ ಮಾಸ್ಟರ್‌ಗಳ ತಪ್ಪು. ಅಮ್ಮನ್ನ ಕಂಬಕ್ಕೆ ಕಟ್ಟಿಸೋದು ಬಿಟ್ಟು ಬೇರೆ ಕಥೆ ಹೊಳೆಯದವನು ಆ ಕುರ್ಚಿ ಬಿಟ್ಟೇಳಬೇಕು. ನಿಜವಾದ ಅಪ್ಪ ಅಮ್ಮಂದಿರು ನಮಗೆ ಕಷ್ಟ ಕೊಡೋದು ಕಿಡ್ನ್ಯಾಪ್ ಆಗಿ ಅಲ್ಲ. ಫೋನ್ ಮಾಡಿ ಏನೂ ಕೇಳದೆ ಸುಮ್ಮನೆ ಮಳೆ ಸುದ್ದಿ ಹೇಳಿ ಇಟ್ಟುಬಿಡ್ತಾರೆ. ದುಡ್ಡು ಬೇಡ ಅಂತಾರೆ, ಆಮೇಲೆ ಒಡವೆ ಅಡ ಇಟ್ಟಿದ್ದು ತಂಗಿಯಿಂದ ಗೊತ್ತಾಗುತ್ತೆ. ಮಗ ದೊಡ್ಡ ಮನುಷ್ಯ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿರ್ತಾರೆ, ಮಗನಿಗೆ ಆ ವಾರ ಕೆಲಸ ಹೋಗಿರುತ್ತೆ. ಇದನ್ನ ಆಟಕ್ಕೆ ತನ್ನಿ. ರಾಜನ ಖಜಾನೆ ಕದಿಯೋಕೆ ಹೊರಟ ಕಳ್ಳನಿಗೆ, ಅರಮನೆಯಲ್ಲಿ ಒಳ್ಳೆ ಕೆಲಸ ಸಿಕ್ಕಿದೆಯಂತೆ ಅಂತ ಅವನ ಅಪ್ಪ ಬುತ್ತಿ ಕಟ್ಟಿಸಿಕೊಂಡು ನೋಡೋಕೆ ಬಂದರೆ ಸಾಕು. ಬೇರೆ ರಾಕ್ಷಸ ಬೇಕಿಲ್ಲ.

ಮೂರನೇ ವಾದ: ಮನೆ ಅನ್ನೋದು ಎಲ್ಲರಿಗೂ ಒಳ್ಳೆ ನೆನಪಲ್ಲ. ನಿಜ. ಹೊಡೆಯೋ ಅಪ್ಪ, ಬಾಯಿಗೆ ಬಂದ ಹಾಗೆ ಅನ್ನೋ ಅಮ್ಮ, ಇಂಥ ಮನೆಯಿಂದ ಬಂದವರು ಟೇಬಲ್ಲಿಗೆ ಬರೋದೇ ಉಸಿರಾಡೋಕೆ. ಅವರಿಂದ ನಾನು ಏನನ್ನೂ ಕೇಳ್ತಿಲ್ಲ. ಗೇಮ್ ಮಾಸ್ಟರ್ ಆದವನು ಆಟಕ್ಕೆ ಮೊದಲೇ ಒಬ್ಬೊಬ್ಬರ ಹತ್ತಿರ ಬೇರೆ ಕೂತು ಮಾತಾಡಬೇಕು. ಈ ಖಾನೆ ಖಾಲಿ ಇರಲಿ ಅಂದರೆ ಖಾಲಿ ಬಿಡಬೇಕು. ಖಾಲಿ ಜಾಗ ಪ್ರಾಮಾಣಿಕವಾದದ್ದು. ಇನ್ನು ಆಡ್ತೀನಿ ಅನ್ನೋ ಧೈರ್ಯ ಇದ್ದವರಿಗೆ, ಕೆಟ್ಟ ಅಪ್ಪನೂ ಅಪ್ಪನೇ. ಹಿರಣ್ಯಕಶಿಪು ಇಲ್ಲದೆ ಪ್ರಹ್ಲಾದ ಎಲ್ಲಿದ್ದಾನೆ? 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು ಆಗಿ ರಾಜಕುಮಾರ್, ಪ್ರಹ್ಲಾದನಾಗಿ ಅವರ ಸ್ವಂತ ಮಗ ಪುನೀತ್. ಮಗನನ್ನು ಕೊಲ್ಲಿಸೋಕೆ ಹೊರಟ ಅಪ್ಪನ ಮುಖದಲ್ಲೂ ಅಪ್ಪ ಕಾಣ್ತಾನೆ, ಅದಕ್ಕೇ ಆ ಸಿನಿಮಾ ಇವತ್ತಿಗೂ ನೋಡಿಸಿಕೊಳ್ಳುತ್ತೆ.

ಇನ್ನೊಂದು ಗೊಣಗಾಟ ಇದೆ. ಈ ಆಟದ ರೂಲ್ಸ್‌ನಲ್ಲಿ ಇದಕ್ಕೆಲ್ಲ ಜಾಗ ಇಲ್ಲ ಅಂತ. ಓದದೆ ಹೇಳೋ ಮಾತು. 2014ರ ಐದನೇ ಆವೃತ್ತಿಯಲ್ಲೇ ಪ್ರತಿ ಪಾತ್ರಕ್ಕೂ ‘ಬಾಂಡ್’ ಅನ್ನೋ ಖಾನೆ ಇದೆ, ಯಾರ ಜೊತೆ, ಯಾವುದರ ಜೊತೆ ಕರುಳಿನ ಸಂಬಂಧ ಅಂತ. 2017ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಅಪ್ಪ ಅಮ್ಮ ಯಾರು, ಎಷ್ಟು ಜನ ಒಡಹುಟ್ಟಿದವರು, ಬೆಳೆದ ಮನೆ ಎಂಥದ್ದು ಅನ್ನೋದನ್ನೆಲ್ಲ ದಾಳ ಉರುಳಿಸಿ ತಿಳಿಯುವ ಪಟ್ಟಿಗಳೇ ಇವೆ. 1985ರಲ್ಲಿ ಗ್ರೆಗ್ ಸ್ಟ್ಯಾಫರ್ಡ್ ಮಾಡಿದ ‘ಪೆಂಡ್ರಾಗನ್’ ಆಟ ಇನ್ನೂ ಮುಂದಕ್ಕೆ ಹೋಯ್ತು. ಅದರಲ್ಲಿ ನಿಮ್ಮ ಯೋಧನಿಗೆ ವಯಸ್ಸಾಗುತ್ತೆ, ಮದುವೆಯಾಗುತ್ತೆ, ಅವನು ಸಾಯ್ತಾನೆ. ಆಮೇಲೆ ನೀವು ಅವನ ಮಗನಾಗಿ ಆಡ್ತೀರಿ. ಅಮೆರಿಕದವರು ತಲೆಮಾರುಗಳನ್ನ ಆಟಕ್ಕೆ ತಂದು ನಾಲ್ಕು ದಶಕ ಆಯ್ತು. ಯುಗಾದಿಗೆ ಊರಿಗೆ ಹೋಗಿ ಹಿರಿಯರ ಕಾಲಿಗೆ ಬೀಳೋ ನಾವು ಇನ್ನೂ ಡ್ರ್ಯಾಗನ್ ಕೈಲಿ ಊರು ಸುಡಿಸ್ತಾ ಕೂತಿದ್ದೀವಿ.

ಬರೀ ಬೈದು ಹೋಗೋನಲ್ಲ ನಾನು. ನಮ್ಮ ಟೇಬಲ್ಲಿನಲ್ಲಿ ಏನು ಮಾಡ್ತೀವಿ ಅಂತ ಹೇಳ್ತೀನಿ, ಬೇಕಿದ್ದರೆ ತಗೊಳ್ಳಿ. ಹೊಸ ಪಾತ್ರಕ್ಕೆ ಐದೇ ಪ್ರಶ್ನೆ. ಒಂದು, ನಿನ್ನ ಮನೆಯವರು ಯಾರಿಗೆ ಸಾಲಗಾರರು? ದುಡ್ಡೇ ಆಗಬೇಕಿಲ್ಲ, ಉಪಕಾರದ ಸಾಲವೂ ಸಾಲವೇ. ಎರಡು, ಅಪ್ಪ ಅಮ್ಮನ ಕೈಗೆ ಬರೋ ಕೆಲಸ ಏನು, ಅದರಲ್ಲಿ ನಿನ್ನ ಕೈಗೆ ಎಷ್ಟು ಬಂದಿದೆ? ಮೂರು, ಮನೆ ಬಿಟ್ಟ ದಿನ ಯಾವ ಮಾತು ಅರ್ಧಕ್ಕೆ ನಿಂತಿತು? ನಾಲ್ಕು, ನೀನು ಈಗ ಏನು ಮಾಡ್ತಿದ್ದೀಯ ಅಂತ ಮನೆಯಲ್ಲಿ ನಂಬಿದ್ದಾರೆ? ಐದು, ನಿಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡೋರು ಯಾರು? ಈ ಐದನೇದನ್ನ ಕೇಳಿದಾಗ ಟೇಬಲ್ಲಿನಲ್ಲಿ ಸದ್ದು ಕಡಿಮೆ ಆಗುತ್ತೆ, ಗಮನಿಸಿ ನೋಡಿ.

ಒಂದು ಉದಾಹರಣೆ. ನಮ್ಮೂರು ರೇಷ್ಮೆ ಸೀರೆ ನೇಯೋ ಊರು. ಸುಮಾರು ಮನೆಗಳಲ್ಲಿ ಮಗ್ಗದ ಸದ್ದೇ ಗಡಿಯಾರ. ರೇಷ್ಮೆ, ಜರಿ ಸಾವ್ಕಾರರದ್ದು, ನೇಯ್ದವರಿಗೆ ಸೀರೆಗಿಷ್ಟು ಅಂತ ಕೂಲಿ. ಇದನ್ನ ಒಂದು ಸಲ ಆಟದ ನಡುವೆ ಹೇಳಿದ್ದೆ. ‘ಯಾರ ಮಗಳೂ ಅಲ್ಲ’ ಅಂದಿದ್ದಳಲ್ಲ, ಅದೇ ಗೆಳತಿ ಮುಂದಿನ ಆಟಕ್ಕೆ ಒಬ್ಬ ಕಳ್ಳಿಯನ್ನು ಕಟ್ಟಿಕೊಂಡು ಬಂದಳು. ಅಪ್ಪ ನೇಕಾರ. ಚಿಕ್ಕಂದಿನಲ್ಲಿ ಕಂಡಿಕೆ ಸುತ್ತಿ ಸುತ್ತಿ ಬೆರಳು ಚುರುಕಾದವು, ಬೀಗ ತೆಗೆಯೋ ವಿದ್ಯೆ ಅಲ್ಲಿಂದ ಬಂತು. ಅಪ್ಪ ಮುಂಗಡ ತಗೊಂಡಿರೋ ಸಾವ್ಕಾರನ ಮನೆಗೇ ನಮ್ಮ ಗುಂಪು ಕನ್ನ ಹಾಕಬೇಕಾಗಿ ಬಂತು. ಖಜಾನೆ ತೆಗೆದರೆ ಹೊನ್ನಿನ ಪಕ್ಕದಲ್ಲಿ ಸಾಲದ ಲೆಕ್ಕದ ಪುಸ್ತಕ. ಒಯ್ಯೋಕೆ ಆಗೋದು ಯಾವುದಾದರೂ ಒಂದು. ಪುಸ್ತಕ ಸುಟ್ಟರೆ ಅಪ್ಪನ ಸಾಲ ಹೋಗುತ್ತೆ, ಹೊನ್ನು ಬಿಟ್ಟರೆ ಜೊತೆಗಾರರು ಬಿಡಲ್ಲ. ನಲವತ್ತು ನಿಮಿಷ ವಾದ ನಡೀತು. ಯಾರೂ ದಾಳ ಮುಟ್ಟಲಿಲ್ಲ, ಯಾರೂ ಮೊಬೈಲ್ ನೋಡಲಿಲ್ಲ.

ಇನ್ನೊಂದು ನಮ್ಮ ತಾಲ್ಲೂಕಿನದೇ. ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, 2018ರಲ್ಲಿ ಉದ್ಘಾಟನೆ ಆಗಿದ್ದು. ರೈತರ ಜಮೀನು ಗುತ್ತಿಗೆಗೆ ತಗೊಂಡರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡ್ಲೆಕಾಯಿ ಬಿತ್ತುತ್ತಿದ್ದವರಿಗೆ ಅದು ಕಮ್ಮಿ ದುಡ್ಡಲ್ಲ. ಜಮೀನೇ ಇಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರಿಗೆ ಗುತ್ತಿಗೆ ದುಡ್ಡೂ ಇಲ್ಲ, ಕೂಲಿಯೂ ಇಲ್ಲ. ಇದಕ್ಕೆ ಮಾಯಾಲೋಕದ ವೇಷ ಹಾಕಿ. ರಾಜನೊಬ್ಬ ಸೂರ್ಯನ ಬೆಳಕು ಹಿಡಿಯೋ ಕನ್ನಡಿಗಳ ಬಯಲು ಮಾಡಿಸಿದ್ದಾನೆ. ನಿಮ್ಮ ಗುಂಪಿನ ಯೋಧನ ಅಪ್ಪ ಹೊಲ ಕೊಟ್ಟು ನೆಮ್ಮದಿಯಾಗಿದ್ದಾನೆ. ಅದೇ ಊರಿನ ಮಾಂತ್ರಿಕನ ಅಮ್ಮ ಆ ಹೊಲದಲ್ಲಿ ಕಳೆ ಕೀಳ್ತಿದ್ದವಳು. ಈ ಇಬ್ಬರೂ ಒಂದೇ ಬೆಂಕಿಯ ಸುತ್ತ ಕೂತು ಊಟ ಮಾಡ್ತಾರೆ. ಗೇಮ್ ಮಾಸ್ಟರ್ ಇನ್ನು ಆರು ತಿಂಗಳು ಕಥೆ ಹುಡುಕಬೇಕಿಲ್ಲ. ಇಬ್ಬರೂ ಅನಾಥರಾಗಿದ್ದಿದ್ದರೆ ಆ ಊಟ ಬರೀ ಊಟ.

ಒಂದು ಆಟಕ್ಕೆ ಇಷ್ಟು ಮಾತಾ ಅನ್ನಬೇಡಿ. ಆಟದಲ್ಲಿ ಮಾಡೋದನ್ನೇ ನಾವು ಆಫೀಸಲ್ಲೂ ಮಾಡ್ತಿದ್ದೀವಿ. ಕಾಲೇಜು ಅರ್ಜಿಯಲ್ಲಿ ಅಪ್ಪನ ಉದ್ಯೋಗ ‘ವ್ಯವಸಾಯ’ ಅಂತ ಒಂದು ಪದ ಬರೆದು ಮುಗಿಸಿದೆವು. ಎಷ್ಟು ಬೋರ್‌ವೆಲ್ ಕೊರೆಸಿದರು, ಎಷ್ಟು ಒಣಗಿದವು, ಅವರಿಗೆ ನೀರಿನ ಜಾಗ ಮಣ್ಣಿನ ಬಣ್ಣದಲ್ಲಿ ಗೊತ್ತಾಗ್ತಿತ್ತು, ಇದು ಯಾವ ಫಾರ್ಮಿನಲ್ಲೂ ಬರಲಿಲ್ಲ. ಇಂಟರ್‌ವ್ಯೂನಲ್ಲಿ ನಿನ್ನ ಬಗ್ಗೆ ಹೇಳು ಅಂದರೆ ಪ್ರಾಜೆಕ್ಟಿಂದ ಶುರು ಮಾಡ್ತೀವಿ. ಊರು ಯಾವುದು ಅಂದರೆ ‘ತುಮಕೂರ್ ಸೈಡ್’. ಪಾವಗಡ ಅಂದರೆ ಶನಿ ದೇವಸ್ಥಾನನಾ ಅಂತಾರೆ, ವೈ.ಎನ್.ಹೊಸಕೋಟೆ ಅಂದರೆ ವೈಟ್‌ಫೀಲ್ಡ್ ಆಚೆ ಇರೋ ಹೊಸಕೋಟೆನಾ ಅಂತಾರೆ. ಸುಮ್ಮನೆ ಹೂಂ ಅಂದುಬಿಡೋದು ಸುಲಭ. ಹೀಗೆ ಒಂದೊಂದೇ ಹೂಂಗೆ ನಮ್ಮ ಅಪ್ಪ ಅಮ್ಮ ಒಂದೊಂದು ಹೆಜ್ಜೆ ಹಿಂದಕ್ಕೆ ಹೋಗಿ ನಿಲ್ತಾರೆ. ನಮ್ಮ ಮಕ್ಕಳು ಕೇಳೋ ಹೊತ್ತಿಗೆ ಹೇಳೋಕೆ ಏನುಳಿದಿರುತ್ತೆ? ಅಜ್ಜ ವ್ಯವಸಾಯ, ಅಜ್ಜಿ ಗೃಹಿಣಿ.

ಯಾವ ಕಾದಂಬರಿಕಾರನಿಗೂ ಸಿಗದಷ್ಟು ಸರಕು ನಮ್ಮ ಹತ್ತಿರ ಇದೆ. ಜೋಳದ ಚೀಲದಲ್ಲಿ ದುಡ್ಡು ಬಚ್ಚಿಟ್ಟ ಅಮ್ಮಂದಿರು, ಗಡಿಯಾಚೆ ಸಂತೆಗೆ ಹೋಗಿ ತೆಲುಗಲ್ಲಿ ಚೌಕಾಸಿ ಮಾಡಿ ಕನ್ನಡದಲ್ಲಿ ಬೈದುಕೊಂಡು ಬರೋ ಅಪ್ಪಂದಿರು, ಮಾತು ಬಿಟ್ಟು ವರ್ಷಗಳಾದರೂ ಹಬ್ಬಕ್ಕೆ ಒಬ್ಬಟ್ಟು ಕಳಿಸೋ ಚಿಕ್ಕಪ್ಪಂದಿರು. ಇವರನ್ನೆಲ್ಲ ಬಿಟ್ಟು ಕೇಲ್ ಅನ್ನೋ ಹೆಸರಿಲ್ಲದೂರಿನ ಹುಡುಗನ್ನ ಯಾಕ್ರೀ ತಂದು ಕೂರಿಸ್ತೀರಿ?

ಮುಂದಿನ ಸಲ ಶೀಟ್ ಕೈಗೆ ಬಂದಾಗ ಕತ್ತಿ ಆಮೇಲೆ ಆರಿಸಿ. ಮೊದಲು ಒಂದು ಮನೆ ಕಟ್ಟಿ, ಅದರಲ್ಲಿ ಇಬ್ಬರನ್ನು ಕೂರಿಸಿ, ಅವರಿಗೆ ಒಂದು ಕೆಲಸ, ಒಂದು ಸಾಲ, ಒಂದು ಹಟ ಕೊಡಿ. ಅಷ್ಟಾದ ಮೇಲೂ ಡ್ರ್ಯಾಗನ್ ಬಂದು ಊರು ಸುಡಲೇಬೇಕು ಅಂತಿದ್ದರೆ ಸುಡಲಿ. ಆ ರಾತ್ರಿ ಮನೆಯೊಳಗೆ ಯಾರ್ಯಾರು ಮಲಗಿದ್ದರು, ಯಾರಿಗೆ ಎಚ್ಚರ ಇತ್ತು ಅನ್ನೋದನ್ನ ಮಾತ್ರ ಬರೆದಿಡಿ.